ಅಗ್ಗದ ಓವರ್‌ಡ್ರೈವ್ ಪೆಡಲ್: ಕೊಳ್ಳುವ ಮೊದಲು, ಕೊಂಡ ಮೇಲೆ ಎಲ್ಲರೂ ಕೇಳುವ ಪ್ರಶ್ನೆಗಳು

ಎಲೆಕ್ಟ್ರಿಕ್ ಗಿಟಾರ್ ಕಲಿಯುವವರು ಮೊದಲು ಕೊಳ್ಳುವ ಪೆಡಲ್ (ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ತುಳಿಯುವ ಡಬ್ಬಿ) ಬಹುಪಾಲು ಓವರ್‌ಡ್ರೈವ್. ಕ್ಲಾಸ್ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಕೇಳುವವರು, ರಾತ್ರಿ ಹತ್ತಕ್ಕೆ ವಾಟ್ಸಾಪ್ ಮಾಡುವವರು, ಕಾರ್ಯಕ್ರಮದ ದಿನ ವೇದಿಕೆಯ ಹಿಂದೆ ಹಿಡಿದು ನಿಲ್ಲಿಸುವವರು, ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಅಗ್ಗದ್ದು ಅಂದರೆ ಇಲ್ಲಿ ಸುಮಾರು 2,000ದಿಂದ 5,000 ರೂಪಾಯಿಯ ಪೆಡಲ್. ಉದಾಹರಣೆಗೆ ಹೆಚ್ಚಾಗಿ ಟ್ಯೂಬ್ ಸ್ಕ್ರೀಮರ್ (ಐಬನೇಜ್ ಹೆಸರಿನ ಪ್ರಸಿದ್ಧ ಹಸಿರು ಓವರ್‌ಡ್ರೈವ್) ಜಾತಿಯದನ್ನೇ ತೆಗೆದುಕೊಂಡಿದ್ದೇನೆ, ಯಾಕೆಂದರೆ ಈ ಬೆಲೆಗೆ ಸಿಗುವ ಹಸಿರು ಡಬ್ಬಿಗಳೆಲ್ಲ ಹೆಚ್ಚುಕಡಿಮೆ ಅದರ ಮರಿಗಳೇ.

## ಶುರು ಮಾಡುವವರಿಗೆ

ಓವರ್‌ಡ್ರೈವ್ ಅಂದ್ರೆ ಏನು ಸರ್? ಡಿಸ್ಟಾರ್ಷನ್, ಫಜ್ ಎಲ್ಲಾ ಒಂದೇ ಅಲ್ವಾ?

ಒಂದೇ ಮನೆಯವು, ಗುಣ ಬೇರೆ. ಹಳೆಯ ವಾಲ್ವ್ (ಗಾಜಿನ ಕೊಳವೆ) ಆಂಪ್‌ಗಳ ವಾಲ್ಯೂಮನ್ನು ಅವು ತಾಳುವುದಕ್ಕಿಂತ ಮೇಲಕ್ಕೆ ಏರಿಸಿದಾಗ ಸದ್ದಿನ ಅಲೆಯ ತಲೆ ಚಪ್ಪಟೆಯಾಗಿ ಸ್ವರ ಸ್ವಲ್ಪ ಒರಟಾಗುತ್ತಿತ್ತು. ಆ ಒರಟುತನವನ್ನು ಕಡಿಮೆ ಸದ್ದಿನಲ್ಲೇ ಕೊಡಲು ಹೊರಟದ್ದು ಓವರ್‌ಡ್ರೈವ್. ಇದರಲ್ಲಿ ನಿಮ್ಮ ಕೈಗೆ ಬೆಲೆ ಇದೆ. ಮೆಲ್ಲಗೆ ಮೀಟಿದರೆ ಸ್ವರ ಶುದ್ಧವಾಗಿಯೇ ಇರುತ್ತದೆ, ಜೋರಾಗಿ ಮೀಟಿದರೆ ಒಡೆಯುತ್ತದೆ. ಡಿಸ್ಟಾರ್ಷನ್ ಪೆಡಲ್ ಅಲೆಯನ್ನು ಖಡಾಖಂಡಿತವಾಗಿ ಕತ್ತರಿಸುತ್ತದೆ, ಹಾಗಾಗಿ ಮೆಲ್ಲಗೆ ಮೀಟಿದರೂ ಒರಟೇ. ಫಜ್ ಇನ್ನೂ ಮುಂದೆ ಹೋಗಿ ಅಲೆಯನ್ನು ಚೌಕಾಕಾರಕ್ಕೆ ತಂದುಬಿಡುತ್ತದೆ.

ನನ್ನ ಹತ್ರ ಆಂಪ್ ಇಲ್ಲ. ಪೆಡಲ್ ತಗೊಂಡು ಅದಕ್ಕೇ ಹೆಡ್‌ಫೋನ್ ಹಾಕಿದ್ರೆ ಆಗುತ್ತಾ?

ಆಗಲ್ಲ. ಪೆಡಲ್‌ನ ಔಟ್‌ಪುಟ್ ಆಂಪ್‌ಗಾಗಿ ಮಾಡಿದ್ದು, ಹೆಡ್‌ಫೋನ್ ಓಡಿಸುವ ಶಕ್ತಿ ಅದಕ್ಕಿಲ್ಲ. ಆಂಪ್ ಇಲ್ಲದವರು ಮೊದಲು ಹೆಡ್‌ಫೋನ್ ಔಟ್ ಇರುವ ಒಂದು ಸಣ್ಣ ಮಲ್ಟಿ ಎಫೆಕ್ಟ್ಸ್ ಕೊಳ್ಳುವುದು ಒಳ್ಳೆಯದು. ಅದರೊಳಗೇ ಆಂಪ್, ಸ್ಪೀಕರ್, ಓವರ್‌ಡ್ರೈವ್ ಎಲ್ಲದರ ನಕಲೂ ಇರುತ್ತದೆ. ಬಿಡಿ ಪೆಡಲ್ ಆಮೇಲೆ.

10 ವಾಟಿನ ಸಣ್ಣ ಆಂಪ್ ಇದೆ. ಅದಕ್ಕೆ ಪೆಡಲ್ ಹಾಕೋದು ವೇಸ್ಟಾ?

ಖಂಡಿತ ಅಲ್ಲ. ಸಣ್ಣ ಆಂಪ್‌ಗಳ ಗೇನ್ ಚಾನಲ್ (ಒರಟು ಸದ್ದಿನದು) ಬಹಳ ಸಲ ಕಿರಿಕಿರಿ ಮಾಡುತ್ತದೆ. ಅದನ್ನು ಮುಟ್ಟದೆ ಕ್ಲೀನ್ ಚಾನಲ್‌ಗೆ ಪೆಡಲ್ ಹಾಕಿದರೆ ಅದೇ ಆಂಪ್ ಬೇರೆಯದೇ ಅನಿಸುತ್ತದೆ. ಒಂದು ಮಾತ್ರ ನೆನಪಿರಲಿ. ಟ್ರಾನ್ಸಿಸ್ಟರ್ ಆಂಪನ್ನು ಪೆಡಲ್‌ನಿಂದ ಜೋರಾಗಿ ತಳ್ಳಿದರೆ ವಾಲ್ವ್ ಆಂಪ್ ಥರ ಹಿತವಾಗಿ ಒಡೆಯುವುದಿಲ್ಲ, ಕರ್ಕಶವಾಗುತ್ತದೆ. ಹಾಗಾಗಿ ಒರಟುತನವನ್ನೆಲ್ಲ ಪೆಡಲ್‌ನಲ್ಲೇ ಮಾಡಿ, ಆಂಪನ್ನು ಶುದ್ಧವಾಗಿಡಿ.

ಯಾವ ಮಾಡೆಲ್ ತಗೊಳ್ಳಲಿ? ಒಂದೇ ಹೆಸರು ಹೇಳಿ ಅಣ್ಣ.

ಜೋಯೋ ಜೆಎಫ್-01 ವಿಂಟೇಜ್ ಓವರ್‌ಡ್ರೈವ್. ಲೋಹದ ಡಬ್ಬಿ, ಟ್ಯೂಬ್ ಸ್ಕ್ರೀಮರ್ 808ರ ಜಾಡಿನ ಸರ್ಕ್ಯೂಟ್, ಬ್ಯಾಟರಿಗೂ ಜಾಗ ಇದೆ. ದುಡ್ಡು ಅದಕ್ಕೂ ಕಡಿಮೆ ಇದ್ದರೆ ಬೆಹ್ರಿಂಗರ್ ಟಿಒ800. ಅದರ ಡಬ್ಬಿ ಪ್ಲಾಸ್ಟಿಕ್, ಆದರೆ ಮನೆಯಲ್ಲಿ ನುಡಿಸುವವರಿಗೆ ಏನೂ ತೊಂದರೆ ಇಲ್ಲ. ಸ್ವಲ್ಪ ಮೇಲೆ ಹೋಗಬಹುದು ಅಂದರೆ ಸೆಕೆಂಡ್ ಹ್ಯಾಂಡ್ ಬಾಸ್ ಎಸ್‌ಡಿ-1 ಹುಡುಕಿ. 1981ರಿಂದ ಬರುತ್ತಿರುವ ಹಳದಿ ಪೆಡಲ್ ಅದು, ಗಟ್ಟಿ ಆಸಾಮಿ.

ದುಬಾರಿ ಪೆಡಲ್‌ಗೂ ಇದಕ್ಕೂ ಒಳಗೆ ಅಂಥ ವ್ಯತ್ಯಾಸ ಏನಿರುತ್ತೆ?

ಸದ್ದು ಮಾಡುವ ಭಾಗದಲ್ಲಿ ನೀವು ಅಂದುಕೊಂಡಷ್ಟು ಇಲ್ಲ. ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟ್ 1970ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ಮ್ಯಾಕ್ಸನ್ ತಯಾರಿಸಿದ್ದು ಐಬನೇಜ್ ಹೆಸರಿನಲ್ಲಿ ಮಾರಾಟವಾಯಿತು. ಸಿಗ್ನಲ್ ಹಿಗ್ಗಿಸುವ ಒಂದು ಆಪ್ ಆಂಪ್ ಚಿಪ್, ಎರಡು ಡಯೋಡ್, ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್, ಮೂರು ಪಾಟ್ (ಗುಂಡಿಯ ಕೆಳಗೆ ತಿರುಗುವ ಭಾಗ). ಇವೆಲ್ಲ ಇವತ್ತು ಚಿಲ್ಲರೆ ದುಡ್ಡಿನ ಸಾಮಾನು. ಅದೇ ಅಳತೆಯ ಅದೇ ಭಾಗಗಳನ್ನು ಅದೇ ರೀತಿ ಜೋಡಿಸಿದರೆ ಸದ್ದೂ ಹೆಚ್ಚುಕಡಿಮೆ ಅದೇ ಬರಬೇಕಲ್ವಾ?

ಹೆಚ್ಚಿನ ದುಡ್ಡು ಹೋಗುವುದು ಡಬ್ಬಿಗೆ, ಜಾಕ್‌ಗೆ, ಕಾಲಲ್ಲಿ ತುಳಿಯುವ ಸ್ವಿಚ್‌ಗೆ, ಪ್ರತಿ ಪೆಡಲನ್ನೂ ಪರೀಕ್ಷಿಸಿ ಕಳಿಸುವ ಕೆಲಸಕ್ಕೆ, ಮತ್ತೆ ಹೆಸರಿಗೆ. ಇವೂ ಸುಮ್ನೆ ಅಲ್ಲ. ವಾರಕ್ಕೆ ಮೂರು ಕಾರ್ಯಕ್ರಮ ಇರುವವರಿಗೆ ಕೈಕೊಡದ ಸ್ವಿಚ್ ಬಹಳ ದೊಡ್ಡದು. ಕಲಿಯುವವರಿಗೆ ಅದು ಇವತ್ತೇ ಬೇಕಾಗಿಲ್ಲ.

## ಅಂಗಡಿಯಲ್ಲಿ

ಅಂಗಡೀಲಿ ನುಡಿಸಿದಾಗ ಸಖತ್ತಾಗಿರುತ್ತೆ, ಮನೆಗೆ ತಂದ್ರೆ ಚಪ್ಪೆ. ಹೇಗೆ ಪರೀಕ್ಷೆ ಮಾಡ್ಬೇಕು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರವೂ ಉದ್ದ.

ಚಪ್ಪೆ ಆಗುವುದಕ್ಕೆ ಮೊದಲ ಕಾರಣ ಆಂಪ್. ಅಂಗಡಿಯಲ್ಲಿ 12 ಇಂಚಿನ ಸ್ಪೀಕರ್ ಇರುವ ಒಳ್ಳೆಯ ಆಂಪ್‌ಗೆ, ಗೋಡೆಯಲ್ಲಿ ತೂಗು ಹಾಕಿದ ಒಳ್ಳೆಯ ಗಿಟಾರ್ ಇಳಿಸಿ ಕೊಡುತ್ತಾರೆ. ಮನೆಯಲ್ಲಿ ಎರಡೂ ಇಲ್ಲ. ಹಾಗಾಗಿ ನಿಮ್ಮದೇ ಗಿಟಾರ್ ಹೊತ್ತುಕೊಂಡು ಹೋಗಿ. ಅದು ಹಳೆಯ, ಅಗ್ಗದ ಗಿವ್ಸನ್ ಆಗಿದ್ದರೂ ಸರಿ, ಆ ಪೆಡಲ್ ಬಾಳ್ವೆ ಮಾಡಬೇಕಾಗಿರುವುದು ಅದರ ಜೊತೆಗೇ. ಆಂಪ್ ಕೂಡ ನಿಮ್ಮದಕ್ಕೆ ಹತ್ತಿರದ್ದನ್ನೇ ಕೇಳಿ, ಕ್ಲೀನ್ ಚಾನಲ್‌ನಲ್ಲಿಡಿ, ರಿವರ್ಬ್ (ದೊಡ್ಡ ಹಾಲ್‌ನ ಗುಂಗಿನ ಪರಿಣಾಮ) ಪೂರ್ತಿ ತೆಗೆಸಿ. ರಿವರ್ಬ್ ಹಾಕಿದರೆ ಎಂಥ ಸದ್ದೂ ಸುಂದರವಾಗಿ ಕೇಳುತ್ತದೆ.

ಎರಡನೆಯ ಕಾರಣ ನಮ್ಮ ಕಿವಿ. ಸ್ವಲ್ಪ ಜೋರಾಗಿ ಕೇಳಿದ್ದೆಲ್ಲ ಕಿವಿಗೆ ಚೆನ್ನಾಗಿಯೇ ಕಾಣುತ್ತದೆ. ಲೆವೆಲ್ (ಪೆಡಲ್‌ನ ವಾಲ್ಯೂಮ್ ಗುಂಡಿ) ಏರಿಸಿಟ್ಟು ಪೆಡಲ್ ಆನ್ ಮಾಡಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಆ ಖುಷಿ ಬರೀ ವಾಲ್ಯೂಮಿನದು. ಅದಕ್ಕೇ ಮೊದಲು ಆನ್ ಇದ್ದಾಗಲೂ ಆಫ್ ಇದ್ದಾಗಲೂ ಸದ್ದಿನ ಜೋರು ಒಂದೇ ಆಗುವ ತನಕ ಲೆವೆಲ್ ಹೊಂದಿಸಿ. ಎರಡು ಪೆಡಲ್ ಹೋಲಿಸುವಾಗಲೂ ಇದೇ ನಿಯಮ. ಇದೊಂದನ್ನು ಮಾಡಿದವರು ಸಾವಿರಾರು ರೂಪಾಯಿ ಉಳಿಸಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಆಮೇಲೆ ಡ್ರೈವ್ (ಒರಟುತನದ ಗುಂಡಿ) ಪೂರ್ತಿ ಕೆಳಗಿಟ್ಟು ಒಂದು ತೆರೆದ ಇ ಮೇಜರ್ ಕಾರ್ಡ್ ಬಾರಿಸಿ. ತಂತಿಗಳು ಬೇರೆ ಬೇರೆಯಾಗಿ ಕೇಳಬೇಕು, ಮುದ್ದೆಯಾಗಬಾರದು. ಡ್ರೈವ್ ಅರ್ಧಕ್ಕೆ ತಂದು ಅದನ್ನೇ ಬಾರಿಸಿ. ಮೂರನೇ ತಂತಿಯ 12ನೇ ಫ್ರೆಟ್‌ನಲ್ಲಿ ಒಂದೇ ಸ್ವರ ಹಿಡಿದು ಅದು ಸಾಯುವ ತನಕ ಕೇಳಿ. ನಯವಾಗಿ ಇಳಿದರೆ ಒಳ್ಳೆಯದು, ಕೊನೆಯಲ್ಲಿ ಚರಪರ ಎಂದು ತುಂಡಾದರೆ ಒಳಗೆ ಏನೋ ಸರಿಯಿಲ್ಲ. ಈಗ ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ ನೋಡಿ. ಸ್ವರ ಶುದ್ಧವಾಗಬೇಕು. ಹಾಗಾಗದ ಓವರ್‌ಡ್ರೈವ್ ನನಗಂತೂ ಬೇಡ.

ಕೊನೆಗೆ ಜೊತೆಗೆ ಬಂದವರಿಗೆ ಸ್ವಿಚ್ ಒಪ್ಪಿಸಿ ನೀವು ಆ ಕಡೆ ತಿರುಗಿ ನುಡಿಸಿ. ಯಾವ ಪೆಡಲ್ ಆನ್ ಆಗಿದೆ ಅಂತ ನೋಡದೆ ಹೇಳಲು ಬರದಿದ್ದರೆ ಕಡಿಮೆ ಬೆಲೆಯದನ್ನು ನೆಮ್ಮದಿಯಿಂದ ಮನೆಗೆ ತನ್ನಿ.

ನಂಗಿನ್ನೂ ಸರಿಯಾಗಿ ನುಡಿಸೋಕೆ ಬರಲ್ಲ, ಅಂಗಡಿಯವರ ಮುಂದೆ ನಾಚಿಕೆ ಆಗುತ್ತೆ.

ಒಂದು ಕಾರ್ಡ್ ಮತ್ತು ಒಂದು ಸ್ವರ ಸಾಕು, ಮೇಲೆ ಹೇಳಿದ ಪರೀಕ್ಷೆಗೆ ಅಷ್ಟೇ ಬೇಕಾಗಿರುವುದು. ವಾರದ ದಿನ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋಗಿ, ಆಗ ಜನ ಇರುವುದಿಲ್ಲ. ದುಡ್ಡು ಕೊಡುವವರು ನೀವು, ನಿಧಾನವಾಗಿ ಕೇಳಿಸಿಕೊಳ್ಳುವ ಹಕ್ಕು ನಿಮಗಿದೆ.

ಯೂಟ್ಯೂಬ್ ಡೆಮೊ ನೋಡಿ ತಗೊಂಡ್ರೆ ಸಾಲದಾ?

ಯಾವ ಗುಂಡಿ ಏನು ಮಾಡುತ್ತದೆ, ಸದ್ದು ದಪ್ಪವೋ ತೆಳುವೋ ಅನ್ನುವಷ್ಟು ಗೊತ್ತಾಗುತ್ತದೆ. ಅದಕ್ಕಿಂತ ಜಾಸ್ತಿ ನಂಬಬೇಡಿ. ನೀವು ಕೇಳುತ್ತಿರುವುದು ಅವರ ಆಂಪ್, ಅವರ ಮೈಕ್, ಅವರ ಬೆರಳು. ಪೆಡಲ್ ನಿಮ್ಮ ಕಾಲಡಿಯಲ್ಲಿ ಹೇಗೆ ಸ್ಪಂದಿಸುತ್ತದೆ ಅನ್ನುವುದು ವಿಡಿಯೊದಲ್ಲಿ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೋಬಹುದಾ?

ಧಾರಾಳವಾಗಿ. ಪೆಡಲ್‌ನಲ್ಲಿ ಮೊದಲು ಸಾಯುವುದು ಸ್ವಿಚ್ ಮತ್ತು ಜಾಕ್. ಸ್ವಿಚ್ಚನ್ನು ಇಪ್ಪತ್ತು ಸಲ ತುಳಿಯಿರಿ, ಒಂದು ಸಲವೂ ತಪ್ಪಬಾರದು. ಕೇಬಲ್ ಹಾಕಿ ಮೆಲ್ಲಗೆ ಅಲ್ಲಾಡಿಸಿ, ಸದ್ದು ಕಡಿಯಬಾರದು. ಗುಂಡಿ ತಿರುಗಿಸುವಾಗ ಬರುವ ಕರಕರ ಸದ್ದಿಗೆ ಹೆದರಬೇಡಿ, ಅದು ಪಾಟ್ ಒಳಗಿನ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಬಹುಪಾಲು ಹೋಗುತ್ತದೆ. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಸೋರಿದ ಹಸಿರು ಕಲೆ ಇದೆಯಾ ನೋಡಿ. ಇದ್ದರೆ ಬಿಟ್ಟುಬಿಡಿ.

## ಮನೆಗೆ ತಂದ ಮೇಲೆ

ಮೂರು ಗುಂಡಿ ಇದೆ. ಯಾವುದನ್ನ ಎಲ್ಲಿಡ್ಲಿ?

ಗಡಿಯಾರದ ಮುಳ್ಳು ಅಂದುಕೊಳ್ಳಿ. ಡ್ರೈವ್ 9 ಗಂಟೆಗೆ, ಸದ್ದಿನ ಹೊಳಪು ಹೊಂದಿಸುವ ಟೋನ್ 12ಕ್ಕೆ, ಲೆವೆಲ್ ಆನ್ ಆಫ್ ಸಮ ಆಗುವಲ್ಲಿಗೆ. ಅಲ್ಲಿಂದ ಡ್ರೈವನ್ನು ಬೇಕಾದಷ್ಟೇ ಏರಿಸಿ. ಹೊಸಬರು ಮಾಡುವ ಒಂದೇ ತಪ್ಪು ಅಂದರೆ ಡ್ರೈವ್ ಪೂರ್ತಿ ಏರಿಸಿಟ್ಟು ನುಡಿಸುವುದು. ಒಬ್ಬರೇ ನುಡಿಸುವಾಗ ಅದು ದಪ್ಪವಾಗಿ ಕೇಳುತ್ತದೆ, ಆದರೆ ಡ್ರಮ್ಸ್ ಜೊತೆ ಸೇರಿದ ಕೂಡಲೇ ಮೀಟಿನ ಮೊನೆಯೇ ಕಳೆದುಹೋಗುತ್ತದೆ. ಎಷ್ಟು ಬೇಕು ಅನಿಸುತ್ತದೋ ಅದಕ್ಕಿಂತ ಸ್ವಲ್ಪ ಕಡಿಮೆ ಇಡಿ.

ಮನೇಲಿ ಕೀಬೋರ್ಡ್ ಅಡಾಪ್ಟರ್ ಇದೆ, 9 ವೋಲ್ಟೇ. ಹಾಕಬಹುದಾ?

ಮೊದಲು ಅದರ ಮೇಲಿನ ಗುರುತು ನೋಡಿ. ಹೆಚ್ಚಿನ ಗಿಟಾರ್ ಪೆಡಲ್‌ಗಳಿಗೆ ಬೇಕಾಗಿರುವುದು 9 ವೋಲ್ಟ್ ಡಿಸಿ, ಪಿನ್ನಿನ ನಡುಭಾಗ ಮೈನಸ್. ನಡುವೆ ಪ್ಲಸ್ ಇರುವ ಅಡಾಪ್ಟರೂ ಇವೆ, ಪಿನ್ ನೋಡಲು ಅದೇ ಥರ, ಒಳಗೆ ಹೋಗಿ ಕೂರುತ್ತದೆ ಕೂಡ. ನನ್ನ ಮೊದಲ ಪೆಡಲ್ ಜೊತೆ ಒಂದು ಅಂಗಡಿಯವರು ಇದೇ ಆಗುತ್ತೆ ಅಂತ ಕೊಟ್ಟ ಅಡಾಪ್ಟರ್ ಉಲ್ಟಾ ಇತ್ತು. ಹಾಕಿದ ಅರ್ಧ ನಿಮಿಷಕ್ಕೆ ಸುಟ್ಟ ವಾಸನೆ ಬಂತು, ಪೆಡಲ್ ಮತ್ತೆ ಏಳಲಿಲ್ಲ. ಎಲ್ಲ ಪೆಡಲ್‌ಗಳಲ್ಲೂ ಇದನ್ನು ತಡೆಯುವ ಡಯೋಡ್ ಇರುವುದಿಲ್ಲ.

ಕರೆಂಟಿನ ಲೆಕ್ಕ ಮಾತ್ರ ಬೇರೆ. ಓವರ್‌ಡ್ರೈವ್ ಎಳೆಯುವುದು ಸಾಮಾನ್ಯವಾಗಿ 10 ಮಿಲಿಆಂಪಿಯರ್ ಆಸುಪಾಸು, ಅಡಾಪ್ಟರ್ ಮೇಲೆ 500 ಅಥವಾ 1000 ಅಂತ ಬರೆದಿದ್ದರೆ ಪರವಾಗಿಲ್ಲ. ಪೆಡಲ್ ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುತ್ತದೆ.

ಬ್ಯಾಟರಿ ಎರಡೇ ದಿನಕ್ಕೆ ಖಾಲಿ ಆಗ್ತಿದೆ. ಪೆಡಲ್ ಹಾಳಾಗಿದೆಯಾ?

ಬಹುಶಃ ನೀವು ಗಿಟಾರಿನ ಕೇಬಲ್ ತೆಗೆಯದೆ ಮಲಗುತ್ತಿದ್ದೀರಿ. ಇನ್‌ಪುಟ್ ಜಾಕ್‌ಗೆ ಕೇಬಲ್ ಸಿಕ್ಕಿಸಿದರೆ ಸಾಕು, ಲೈಟ್ ಉರಿಯದಿದ್ದರೂ ಬ್ಯಾಟರಿ ಹರಿಯುತ್ತಲೇ ಇರುತ್ತದೆ. ನುಡಿಸಿದ ಮೇಲೆ ಕೇಬಲ್ ಎಳೆದಿಡಿ. ಒಳ್ಳೆಯ ಆಲ್ಕಲೈನ್ ಬ್ಯಾಟರಿ ಹತ್ತಾರು ಗಂಟೆ ಬರಬೇಕು. ಅಂದ ಹಾಗೆ, ಮಿನಿ ಪೆಡಲ್‌ಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿಗೆ ಜಾಗವೇ ಇಲ್ಲ, ಕೊಳ್ಳುವ ಮೊದಲು ನೋಡಿಕೊಳ್ಳಿ.

ಪೆಡಲ್ ಆನ್ ಮಾಡಿದ ತಕ್ಷಣ ಗುಂಯ್ ಅಂತ ಸದ್ದು. ಅಗ್ಗದ್ದು ಅಂತ ಹೀಗಾ?

ಪೆಡಲನ್ನು ಬೈಯುವ ಮೊದಲು ಒಂದು ಕೆಲಸ ಮಾಡಿ. ಅಡಾಪ್ಟರ್ ತೆಗೆದು ಬ್ಯಾಟರಿ ಹಾಕಿ. ಗುಂಯ್ ನಿಂತರೆ ತಪ್ಪು ಅಡಾಪ್ಟರಿನದು, ಗಿಟಾರ್ ಪೆಡಲಿಗಾಗಿಯೇ ಮಾಡಿದ್ದನ್ನು ತೆಗೆದುಕೊಳ್ಳಿ.

ನಿಲ್ಲದಿದ್ದರೆ ಗಿಟಾರಿನ ಪಿಕಪ್ ನೋಡಿ. ಸಿಂಗಲ್ ಕಾಯಿಲ್ ಪಿಕಪ್ ಮನೆಯ ವೈರಿಂಗ್, ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್, ಯುಪಿಎಸ್ ಎಲ್ಲದರ ಗುಂಯ್ ಹಿಡಿಯುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್, ಆ ಸದ್ದು ಅದರದ್ದೇ. ಪೆಡಲ್ ಮೊದಲೇ ಇದ್ದ ಗುಂಯ್ಯನ್ನು ಹಿಗ್ಗಿಸಿ ತೋರಿಸುತ್ತಿದೆ ಅಷ್ಟೇ. ಕೂತಲ್ಲೇ ನಿಧಾನವಾಗಿ ಸುತ್ತ ತಿರುಗಿ, ಒಂದು ದಿಕ್ಕಿನಲ್ಲಿ ಕಡಿಮೆಯಾಗುತ್ತದೆ.

ಇನ್ನೊಂದು ಗಂಭೀರ ಕಾರಣ ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಕನ್ವರ್ಟರ್ ಹಾಕಿದ್ದರೆ ಇವತ್ತೇ ತೆಗೆಯಿರಿ. ಹಳೆಯ ಮನೆಗಳಲ್ಲಿ, ಶಾಮಿಯಾನದ ಜನರೇಟರ್ ಲೈನುಗಳಲ್ಲಿ ಅರ್ಥ್ ಇಲ್ಲದೇ ಇರುವುದು ಹೊಸದಲ್ಲ. ತಂತಿ ಮುಟ್ಟಿದಾಗ ಸದ್ದು ಕಡಿಮೆ ಆದರೆ ಅದು ಮಾಮೂಲು. ತಂತಿ ಹಿಡಿದು ಮೈಕಿಗೆ ತುಟಿ ತಾಗಿದಾಗ ಚುರುಕ್ ಅಂದರೆ ನುಡಿಸುವುದನ್ನು ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಯಿಸಿ. ಜೀವಕ್ಕೆ ಅಪಾಯ ಇರುವ ವಿಷಯ ಇದು.

ಆರ್ಕೆಸ್ಟ್ರಾದಲ್ಲಿ ನೇರ ಮಿಕ್ಸರ್‌ಗೆ ಕೊಡ್ತೀವಿ. ಜೇನುನೊಣ ಹೊಕ್ಕ ಥರ ಕೇಳುತ್ತೆ, ಯಾಕೆ?

ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5,000 ಹರ್ಟ್ಜ್‌ನಿಂದ ಮೇಲಿನದನ್ನು ತಾನಾಗಿಯೇ ನುಂಗಿಬಿಡುತ್ತದೆ. ಓವರ್‌ಡ್ರೈವ್‌ನ ಚುರುಚುರು ಇರುವುದೇ ಅಲ್ಲಿ. ಮಿಕ್ಸರ್ ಮತ್ತು ದೊಡ್ಡ ಪಿಎ ಸ್ಪೀಕರ್‌ಗಳು ಅದನ್ನು ನುಂಗದೆ ಇದ್ದ ಹಾಗೇ ಜನರ ಕಿವಿಗೆ ದಾಟಿಸುತ್ತವೆ. ಪೆಡಲ್ ಎಷ್ಟೇ ದುಬಾರಿ ಆದರೂ ಹೀಗೇ ಕೇಳುತ್ತದೆ.

ಪರಿಹಾರ ಮೂರು ಇವೆ. ಪೆಡಲ್ ಆದ ಮೇಲೆ ಸ್ಪೀಕರ್ ನಕಲು ಮಾಡುವ ಕ್ಯಾಬ್ ಸಿಮ್ಯುಲೇಟರ್ ಹಾಕುವುದು ಒಂದು. ಸಣ್ಣ ಆಂಪ್ ಇಟ್ಟು ಅದರ ಮುಂದೆ ಮೈಕ್ ಇಡುವುದು ಇನ್ನೊಂದು, ನನಗೆ ಇಷ್ಟವಾದದ್ದು ಇದೇ. ಎರಡೂ ಆಗದ ದಿನ ಟೋನ್ ಗುಂಡಿ ಪೂರ್ತಿ ಇಳಿಸಿ, ನಿಮ್ಮ ಚಾನಲ್‌ನ ಹೈ ಕಡಿಮೆ ಮಾಡಿ ಅಂತ ಸೌಂಡಿನವರನ್ನು ಕೇಳಿಕೊಳ್ಳಿ. ಗಣೇಶನ ಪೆಂಡಾಲಿನಲ್ಲಿ ಎಷ್ಟೋ ರಾತ್ರಿ ಇದರಿಂದಲೇ ಕೆಲಸ ನಡೆದಿದೆ.

ಡಿಲೇ, ವಾ, ಕೋರಸ್ ಎಲ್ಲಾ ಇದೆ. ಓವರ್‌ಡ್ರೈವ್ ಎಲ್ಲಿ ಬರ್ಬೇಕು?

ಗಿಟಾರ್, ವಾ, ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್, ಆಂಪ್. ಡಿಲೇ ಮೊದಲು ಬಂದರೆ ಪ್ರತಿಧ್ವನಿಗಳೂ ಒಡೆದು ಗಲೀಜಾಗುತ್ತವೆ. ಆಂಪ್‌ಗೆ ಎಫೆಕ್ಟ್ಸ್ ಲೂಪ್ (ಪೆಡಲ್‌ಗಳಿಗೆಂದೇ ಇರುವ ಬೇರೆ ಜಾಕ್‌ಗಳು) ಇದ್ದರೆ ಡಿಲೇ, ರಿವರ್ಬ್ ಮಾತ್ರ ಅಲ್ಲಿಗೆ, ಓವರ್‌ಡ್ರೈವ್ ಯಾವಾಗಲೂ ಮುಂದಿನ ಇನ್‌ಪುಟ್‌ಗೆ.

## ಇನ್ನಷ್ಟು ಆಳಕ್ಕೆ

ಮೂಗಲ್ಲಿ ಮಾತಾಡ್ದಂಗೆ ಕೇಳುತ್ತೆ. 720 ಹರ್ಟ್ಜ್ ಅಂತಾರಲ್ಲ, ಏನದು?

ಟ್ಯೂಬ್ ಸ್ಕ್ರೀಮರ್‌ನ ಜೀವಾಳವೇ ಅದು. ಸಿಗ್ನಲ್ ಹಿಗ್ಗಿಸುವ ಜಾಗದಲ್ಲಿ 4.7 ಕಿಲೋ ಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಕೂತಿವೆ. ಎರಡೂ ಸೇರಿ ಸುಮಾರು 720 ಹರ್ಟ್ಜ್‌ನಲ್ಲಿ ಒಂದು ಗಡಿ ಹಾಕುತ್ತವೆ. ಅದಕ್ಕಿಂತ ಕೆಳಗೆ ಹೋದಂತೆ ಹಿಗ್ಗುವುದು ಕಡಿಮೆಯಾಗುತ್ತಾ ಬರುತ್ತದೆ. ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಜ್, ತೆಳು ಇ ತಂತಿಯ 12ನೇ ಫ್ರೆಟ್ ಕೂಡ 659 ಮಾತ್ರ. ಅಂದರೆ ನೀವು ನುಡಿಸುವ ಹೆಚ್ಚಿನ ಸ್ವರಗಳ ಬುಡ ಈ ಗಡಿಯ ಕೆಳಗೇ ಇದೆ. ಬುಡ ಅಷ್ಟು ಒಡೆಯುವುದಿಲ್ಲ, ಮೇಲಿನ ಹಾರ್ಮೋನಿಕ್‌ಗಳು (ಸ್ವರದ ಜೊತೆಗೇ ಬರುವ ಎತ್ತರದ ಕಂಪನಗಳು) ಒಡೆಯುತ್ತವೆ. ಆಮೇಲೆ ಬರುವ ಟೋನ್ ಭಾಗ ತುದಿಯ ಚುರುಕನ್ನೂ ಇಳಿಸುತ್ತದೆ. ಉಳಿಯುವುದು ನಡುಭಾಗದ ಉಬ್ಬು.

ಒಬ್ಬರೇ ಕೂತು ನುಡಿಸುವಾಗ ಆ ಉಬ್ಬು ಮೂಗಿನ ದನಿ ಅನಿಸುತ್ತದೆ. ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಕೆಳಗಿನ ಜಾಗ ತುಂಬಿ, ಸಿಂಬಲ್ ಮೇಲಿನ ಜಾಗ ತುಂಬಿದಾಗ ಗಿಟಾರಿಗೆ ಉಳಿಯುವ ಜಾಗ ಅದೇ. ಬ್ಯಾಂಡ್ ಜೊತೆ ಒಂದು ಸಲ ನುಡಿಸಿ ನೋಡದೆ ಈ ಪೆಡಲನ್ನು ವಾಪಸ್ ಕೊಡಬೇಡಿ.

ಮೆಟಲ್ ನುಡಿಸೋರು ಡ್ರೈವ್ ಸೊನ್ನೆಗೆ ಇಟ್ಟು ಇದನ್ನೇ ಹಾಕ್ತಾರಂತೆ. ಮತ್ತೆ ಪೆಡಲ್ ಯಾಕೆ?

ಬೇಸ್ ಕತ್ತರಿಸುವುದಕ್ಕೆ. ಗೇನ್ ಜಾಸ್ತಿ ಇರುವ ಆಂಪ್‌ಗೆ ದಪ್ಪ ತಂತಿಯ ಬೇಸ್ ಪೂರ್ತಿ ಹೋದರೆ ಕೆಸರಾಗುತ್ತದೆ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ ಇಟ್ಟರೆ ಪೆಡಲ್ ಕೆಸರನ್ನು ಸೋಸಿ, ಉಳಿದದ್ದನ್ನು ಜೋರಾಗಿ ಆಂಪಿನೊಳಗೆ ನೂಕುತ್ತದೆ. ಪಾಮ್ ಮ್ಯೂಟ್ ಮಾಡಿದಾಗ (ಅಂಗೈ ತಂತಿಗೆ ತಾಗಿಸಿ ಮೀಟಿದಾಗ) ಧಕ್ ಧಕ್ ಅಂತ ಬಿಡಿಬಿಡಿಯಾಗಿ ಬರುವುದು ಇದರಿಂದಲೇ. ಡ್ರೈವ್ ಸೊನ್ನೆ ಅಂದರೂ ಒಳಗೆ ಸುಮಾರು 12 ಪಟ್ಟು ಹಿಗ್ಗುವಿಕೆ ಇದ್ದೇ ಇರುತ್ತದೆ, ಪೂರ್ತಿ ಏರಿಸಿದರೆ 118 ಪಟ್ಟು. ಈ ಕೆಲಸಕ್ಕೆ ಅಗ್ಗದ ಪೆಡಲ್ ಧಾರಾಳ ಸಾಕು.

ಟ್ರೂ ಬೈಪಾಸ್ ಇರಲೇಬೇಕಾ?

ಇರಲೇಬೇಕು ಅಂತಿಲ್ಲ. ಟ್ರೂ ಬೈಪಾಸ್ ಅಂದರೆ ಆಫ್ ಇದ್ದಾಗ ಸಿಗ್ನಲ್ ಸರ್ಕ್ಯೂಟನ್ನು ಮುಟ್ಟದೆ ದಾಟುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಕೇಬಲ್ ಉದ್ದವಾದಂತೆ ಅದರ ಕೆಪಾಸಿಟೆನ್ಸ್ ಸದ್ದಿನ ಹೊಳಪನ್ನು ತಿನ್ನುತ್ತದೆ. ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಅಂದುಕೊಳ್ಳಿ. ಎಲ್ಲವೂ ಟ್ರೂ ಬೈಪಾಸ್ ಆದ ಐದಾರು ಪೆಡಲ್, 10 ಮೀಟರ್ ಕೇಬಲ್ ಇದ್ದರೆ ಸ್ವರ ಮಂಕಾಗುತ್ತದೆ. ಬಾಸ್, ಐಬನೇಜ್‌ನ ಹಲವು ಪೆಡಲ್‌ಗಳಲ್ಲಿರುವ ಬಫರ್ (ಸಿಗ್ನಲ್‌ಗೆ ಬಲ ಕೊಟ್ಟು ಮುಂದೆ ಕಳಿಸುವ ಭಾಗ) ಇದನ್ನು ತಡೆಯುತ್ತದೆ. ಸಾಲಿನಲ್ಲಿ ಒಂದಾದರೂ ಬಫರ್ ಇರಲಿ.

4558 ಚಿಪ್ ಬದಲಿಸಿದ್ರೆ ಹಳೇ 808 ಸದ್ದು ಬರುತ್ತಂತೆ, ನಿಜಾನಾ?

ಹಳೆಯ ಟ್ಯೂಬ್ ಸ್ಕ್ರೀಮರ್‌ಗಳಲ್ಲಿದ್ದ ಆಪ್ ಆಂಪ್ ಚಿಪ್ ಜೆಆರ್‌ಸಿ 4558ಡಿ ಬಗ್ಗೆ ಕಥೆಗಳು ಬಹಳ. ವಾಲ್ಯೂಮ್ ಸಮ ಮಾಡಿ, ನೋಡದೆ ಕೇಳಿ ಹೋಲಿಸಿದಾಗ ನನಗೆ ವ್ಯತ್ಯಾಸ ಸಿಗಲಿಲ್ಲ. ಸದ್ದನ್ನು ರೂಪಿಸುವುದು ಡಯೋಡ್‌ಗಳು ಮತ್ತು ಮೇಲೆ ಹೇಳಿದ 0.047ರ ಕೆಪಾಸಿಟರ್. ಟ್ಯೂಬ್ ಸ್ಕ್ರೀಮರ್‌ನದೇ ಮಾದರಿಗಳಾದ ಟಿಎಸ್808 ಮತ್ತು 1982ರ ಟಿಎಸ್9 ನಡುವೆಯೂ ಬದಲಾದದ್ದು ಮುಖ್ಯವಾಗಿ ಔಟ್‌ಪುಟ್‌ನ ಎರಡು ರೆಸಿಸ್ಟರ್.

ಬೇಸ್ ಸ್ವಲ್ಪ ಜಾಸ್ತಿ ಬೇಕು. ನಾನೇ ಬಿಚ್ಚಿ ಮಾಡ್ಕೋಬಹುದಾ?

ಬೆಸುಗೆ ಕೈ ಕೂತಿದ್ದರೆ ಮಾಡಿಕೊಳ್ಳಿ, ಖುಷಿಯ ಕೆಲಸ. 0.047 ತೆಗೆದು 0.1 ಮೈಕ್ರೋಫ್ಯಾರಡ್ ಹಾಕಿದರೆ ಗಡಿ 720ರಿಂದ ಸುಮಾರು 340 ಹರ್ಟ್ಜ್‌ಗೆ ಇಳಿಯುತ್ತದೆ, ಸದ್ದು ತುಂಬಿಕೊಳ್ಳುತ್ತದೆ. ಡಯೋಡ್ ಜಾಗದಲ್ಲಿ ಎರಡು ಕೆಂಪು ಎಲ್‌ಇಡಿ ಹಾಕಿದರೆ ಒಡೆಯುವುದು ತಡವಾಗಿ, ಸದ್ದು ಜೋರಾಗಿ, ಬಿಡುವಾಗಿ ಬರುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಇವೆಲ್ಲ ಕೆಲವೇ ರೂಪಾಯಿಗೆ ಸಿಗುತ್ತವೆ. ಆದರೆ ಈಗಿನ ಹಲವು ಅಗ್ಗದ ಪೆಡಲ್‌ಗಳ ಒಳಗಿನ ಭಾಗಗಳು ಎಳ್ಳಿನಷ್ಟು ಚಿಕ್ಕವು, ಬೋರ್ಡಿನ ಮೇಲೇ ಅಂಟಿಕೊಂಡಿರುತ್ತವೆ. ಮುಚ್ಚಳ ತೆಗೆದಾಗ ಹಾಗೆ ಕಂಡರೆ ಮುಚ್ಚಿಬಿಡಿ.

18 ವೋಲ್ಟ್ ಕೊಟ್ಟರೆ ಇನ್ನೂ ಚೆನ್ನಾಗಿರುತ್ತಾ?

ಈ ಜಾತಿಯ ಪೆಡಲ್‌ನಲ್ಲಿ ಪ್ರಯೋಜನ ಕಡಿಮೆ. ಇಲ್ಲಿ ಅಲೆ ಚಪ್ಪಟೆಯಾಗುವುದು ಸುಮಾರು 0.6 ವೋಲ್ಟಿಗೆ ತೆರೆದುಕೊಳ್ಳುವ ಡಯೋಡ್‌ಗಳಿಂದ, ಹೊರಗಿಂದ ಎಷ್ಟು ಕೊಟ್ಟರೂ ಆ ಲೆಕ್ಕ ಬದಲಾಗದು. ಅಪಾಯ ಮಾತ್ರ ಇದೆ. ಒಳಗಿನ ಕೆಪಾಸಿಟರ್‌ಗಳು ಹಲವು ಸಲ 16 ವೋಲ್ಟಿನವು. ಡಬ್ಬಿಯ ಮೇಲೆ 18 ಅಂತ ಬರೆದಿಲ್ಲದಿದ್ದರೆ 9ರಲ್ಲೇ ಇರಿ.

ಬೇಸ್ ಗಿಟಾರ್‌ಗೆ ಇದನ್ನೇ ಹಾಕಬಹುದಾ?

ಹಾಕಬಹುದು, ಆದರೆ ಕೆಳಗಿನ ತೂಕ ಹೋಗಿಬಿಡುತ್ತದೆ. ಕ್ಲೀನ್ ಸದ್ದನ್ನೂ ಬೆರೆಸುವ ಬ್ಲೆಂಡ್ ಗುಂಡಿ ಇರುವ ಬೇಸ್ ಓವರ್‌ಡ್ರೈವ್ ನೋಡಿ. ಅದನ್ನು ಪರೀಕ್ಷಿಸುವಾಗ ಬ್ಲೆಂಡ್ ಅರ್ಧಕ್ಕಿಟ್ಟು, ದಪ್ಪ ಇ ತಂತಿಯನ್ನು ತೆರೆದು ಮೀಟಿ, ಪೆಡಲ್ ಆನ್ ಮಾಡಿದಾಗ ಎದೆಗೆ ತಾಗುವ ಸದ್ದು ಉಳಿದಿದೆಯಾ ಅಂತ ಕೇಳಿಸಿಕೊಳ್ಳಿ.